ಪಾದ್ಯಾಬ್-ಕುಸ್ತಿ: ಪಾರ್ಸಿಗಳ ದಿನನಿತ್ಯದ ಶುದ್ಧಿ ಹೇಗೆ?

ನಮ್ಮ ಮಡಿ-ಮೈಲಿಗೆ ಬಲ್ಲವರಿಗೆ ಪಾರ್ಸಿಗಳು ಪಾಲಿಸುವ ಜರತುಷ್ಟ್ರ ಧರ್ಮದ ಶುದ್ಧಿ ಪರಿಚಿತವೆನಿಸಬಹುದು. ಆದರೆ ಅದರ ತರ್ಕವೇ ಬೇರೆ. ಅಲ್ಲಿ ಮೈಲಿಗೆಯ ಬೇರು ಸಾವು. ಹೆಣ ‘ನಸು’, ಕತ್ತರಿಸಿದ ಉಗುರು, ಕೂದಲು, ಉಗುಳು ಹೀಗೆ ಮೈಯಿಂದ ಕಳಚಿದ್ದೂ ಅದೇ ಸಾಲಿನದು. ನೀರು, ಬೆಂಕಿ, ಮಣ್ಣು ತಾವೇ ಪವಿತ್ರ. ಅವಕ್ಕೆ ಮೈಲಿಗೆ ತಾಗದಂತೆ ಕಾಯುವುದು ಮನುಷ್ಯನ ಹೊಣೆ. ಹಿಂದಿನವರು ಎದ್ದೊಡನೆ ಮೊದಲು ಗೋಮೂತ್ರದಿಂದ ಕೈ-ಮುಖ ಉಜ್ಜಿ, ಆಮೇಲೆ ನೀರು ಮುಟ್ಟುತ್ತಿದ್ದುದು ಇದೇ ಕಾರಣಕ್ಕೆ.

ಕೈಕಾಲು ತೊಳೆಯುವ ‘ಪಾದ್ಯಾಬ್’, ಆಮೇಲೆ ಸೊಂಟದ ದಾರವನ್ನು ಮಂತ್ರ ಹೇಳುತ್ತ ಬಿಚ್ಚಿ ಮತ್ತೆ ಕಟ್ಟುವುದು: ಇದೇ ದಿನನಿತ್ಯದ ಶುದ್ಧಿವಿಧಿ ಪಾದ್ಯಾಬ್-ಕುಸ್ತಿ. ಅದಕ್ಕೆ ಬೇಕಾದದ್ದು ಎರಡೇ: ಬಿಳಿ ಹತ್ತಿಯ ಒಳಅಂಗಿ ‘ಸುದ್ರೆ’, ಅದರ ಮೇಲೆ ಸೊಂಟಕ್ಕೆ ಕಟ್ಟುವ ‘ಕುಸ್ತಿ’. ಪೈಲ್ವಾನರ ಕುಸ್ತಿಯಲ್ಲ, ಕುರಿಯುಣ್ಣೆಯ 72 ಎಳೆಗಳಿಂದ ನೇಯ್ದ ದಾರ. ಅವರ ಪೂಜಾಗ್ರಂಥ ಯಸ್ನದ ಅಧ್ಯಾಯಗಳೂ 72.

ಎದ್ದ ಕೂಡಲೇ, ಶೌಚದ ನಂತರ, ಊಟಕ್ಕೂ ಪ್ರಾರ್ಥನೆಗೂ ಮುಂಚೆ ಇದನ್ನು ಮಾಡಬೇಕು.

ಮೊದಲು ತಲೆಗೆ ಟೋಪಿ ಅಥವಾ ವಸ್ತ್ರ. ‘ಅಷೆಮ್ ವೊಹು’ ಎಂಬ ಕಿರುಮಂತ್ರ ಒಮ್ಮೆ ಹೇಳಿ ಮುಖ, ಕೈ, ಕಾಲು ತೊಳೆದು ಒರೆಸಿಕೊಳ್ಳಿ. ಇಷ್ಟಾದರೆ ಪಾದ್ಯಾಬ್ ಮುಗಿಯಿತು.

ಮುಂದೆ ಬೆಳಕಿಗೆ ಮುಖಮಾಡಿ ನಿಲ್ಲಬೇಕು: ಬೆಳಿಗ್ಗೆ ಪೂರ್ವ, ಮಧ್ಯಾಹ್ನದ ಮೇಲೆ ಪಶ್ಚಿಮ, ರಾತ್ರಿ ದೀಪ. ಉತ್ತರ ಮಾತ್ರ ಬೇಡ. ಈಗ ಹೇಳುವ ‘ಕೆಮ್ನಾ ಮಜ್ದಾ’ ಮಂತ್ರದಲ್ಲಿಯೇ ಕೆಡುಕಿನ ‘ದ್ರುಜ್’ಗೆ ಉತ್ತರದ ಕಡೆ ತೊಲಗು ಎಂಬ ಆಜ್ಞೆಯಿದೆ, ಅತ್ತ ತಿರುಗಿ ನಿಂತರೆ ಹೊರದಬ್ಬಿದ್ದನ್ನೇ ಎದುರುಗೊಂಡಂತೆ. ಈ ಮಂತ್ರ ಮುಗಿಯುವ ಹೊತ್ತಿಗೆ ಕುಸ್ತಿಯ ಗಂಟು ಬಿಚ್ಚಿರಬೇಕು.

ಆಮೇಲೆ ‘ಹೋರ್ಮಜ್ದ್ ಖೋದಾಯ್’ ಪ್ರಾರ್ಥನೆ. ಅದರಲ್ಲಿ ಕೆಡುಕಿನ ಶಕ್ತಿ ಅಹ್ರಿಮಾನನ ಹೆಸರು ಬಂದಾಗ ಕುಸ್ತಿಯನ್ನು ಝಾಡಿಸುತ್ತಾರೆ. ಮುಂದಿನದು ಕೈಚಳಕ ಬೇಡುವ ಭಾಗ. ಸೊಂಟಕ್ಕೆ ಎರಡು ಸುತ್ತು ತಂದು, ‘ಯಥಾ ಅಹು ವೈರ್ಯೊ’ ಮಂತ್ರ ಎರಡು ಸಲ ಹೇಳುತ್ತ ಮುಂದೆ ಗಂಟು ಹಾಕಿ. ಮೂರನೇ ಸುತ್ತನ್ನು ಹಿಂದಕ್ಕೊಯ್ದು ‘ಅಷೆಮ್ ವೊಹು’ ಹೇಳುತ್ತ ಗಂಟು ಬಿಗಿಯಿರಿ. ಮೊದಲೆರಡು ಸುತ್ತು ಸಡಿಲವಾದರೆ ಮುಂದಿನ ಗಂಟು ಜಾರುತ್ತದೆ. ಮೊದಲೇ ತುದಿಗಳು ಸಮ ಇಲ್ಲದಿದ್ದರೆ ಹಿಂದಿನ ಗಂಟಿಗೆ ಒಂದು ಕಡೆ ದಾರವೇ ಸಾಲದು. ಕೊನೆಗೆ ‘ಜಸ ಮೆ ಅವಂಘೆ ಮಜ್ದಾ’ ಪ್ರಾರ್ಥನೆ. ನಡುವೆ ಮಾತು ಸಲ್ಲದು.

ಉಗುರು, ಕೂದಲಿನ ವಿಲೇವಾರಿಗೂ ಶುದ್ಧಿ ನಿಯಮಗಳ ಗ್ರಂಥ ವೆಂದಿದಾದ್‌ನ 17ನೇ ಅಧ್ಯಾಯ ಅಳತೆ ಕೊಟ್ಟಿದೆ. ಕೂದಲನ್ನು ಬೆಂಕಿಯಿಂದ 20, ನೀರಿನಿಂದ 30 ಹೆಜ್ಜೆ ದೂರ ಒಯ್ದು, ನೆಲ ಗಟ್ಟಿಯಾಗಿದ್ದರೆ 10 ಬೆರಳು, ಮೆತ್ತಗಿದ್ದರೆ 12 ಬೆರಳು ಆಳದ ಗುಂಡಿಯಲ್ಲಿ ಹೂಳಬೇಕು.