ಗಲ್ಫಿಗೆ ಪ್ರೊಟೀನ್ ಹುಡಿ, ರಾಗಿ ಹುಡಿ ಒಯ್ಯುವುದು: ನನ್ನ ಅನುಭವ

"ಹುಡಿ ಮಾತ್ರ ಒಯ್ಯಬೇಡಿ, ಅಲ್ಲಿ ಹಿಡಿದರೆ ಬಿಡುವುದಿಲ್ಲ." ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯಿಂದ ಗಲ್ಫಿಗೆ ಹೋಗಿಬರುವ ಹೆಚ್ಚಿನವರು ಈಗಲೂ ಹೇಳುವುದು ಇದನ್ನೇ. ನಾನು ವ್ಹೇ ಪ್ರೊಟೀನ್ (ಹಾಲಿನಿಂದ ತೆಗೆದ ಪ್ರೊಟೀನ್ ಹುಡಿ), ಕ್ರಿಯಾಟಿನ್ (ವ್ಯಾಯಾಮ ಮಾಡುವವರು ತೆಗೆದುಕೊಳ್ಳುವ ಬಿಳಿ ಹುಡಿ), ರಾಗಿ ಹುರಿಹಿಟ್ಟಿನ ಮಿಶ್ರಣ ಮೂರನ್ನೂ ಮಂಗಳೂರಿನಿಂದಲೂ ಕಣ್ಣೂರಿನಿಂದಲೂ ಒಯ್ಯುತ್ತಿದ್ದೇನೆ, ಈಗಿನ ಕ್ರಮಕ್ಕೆ ಬಂದ ಮೇಲೆ ಒಂದು ಪ್ಯಾಕೆಟ್ಟೂ ಕಸದ ಬುಟ್ಟಿಗೆ ಹೋಗಿಲ್ಲ. ಸ್ಕ್ಯಾನರಿನಲ್ಲಿ ಕಂಡದ್ದು, ಲೇಬಲಿನಲ್ಲಿ ಬರೆದದ್ದು, ಪ್ಯಾಕೆಟ್ ಒಡೆದರೆ ಸಿಗುವುದು, ಈ ಮೂರೂ ಒಂದೇ ಆಗಿದ್ದರೆ ಅಧಿಕಾರಿಗೆ ಕೇಳಲಿಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ನನ್ನ ಕ್ರಮ ಪೂರ್ತಿ ಇದರ ಮೇಲೆಯೇ ನಿಂತಿದೆ.

ಮೊದಲು ಕೆಲಸ ಮಾಡದ ಉಪಾಯಗಳು. ಡಬ್ಬದಿಂದ ತೆಗೆದು ಜಿಪ್ ಲಾಕ್ ಕವರಿಗೆ ಸುರಿಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಹೆಸರಿಲ್ಲದ ಬಿಳಿ ಹುಡಿಯನ್ನು ಯಾವ ದೇಶದಲ್ಲೂ ಯಾರೂ ನಂಬುವುದಿಲ್ಲ. ಸಾಲದ್ದಕ್ಕೆ ಜಿಪ್ ಬಾಯಿ ಬಿಡುತ್ತದೆ. ಹಾರುವಾಗ ವಿಮಾನದೊಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯುತ್ತದೆ, ಸಾಮಾನು ಇಡುವ ಕೆಳಭಾಗದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕವರಿನೊಳಗೆ ಉಳಿದ ಗಾಳಿ ಸುಮಾರು ಮೂರನೇ ಒಂದು ಪಾಲು ಹಿಗ್ಗಿ ಬಾಯಿ ತೆರೆಸುತ್ತದೆ. ಬಟ್ಟೆಯ ತುಂಬ ಹುಡಿ.

ಸ್ಟೀಲ್ ಡಬ್ಬ, ತಗಡಿನ ಡಬ್ಬ ಎರಡೂ ಬೇಡ. ಲೋಹ ಕ್ಷಕಿರಣವನ್ನು ತಡೆಯುತ್ತದೆ, ಒಳಗೆ ಎಂತ ಉಂಟೆಂದು ಕಾಣದಿದ್ದರೆ ಪೆಟ್ಟಿಗೆ ಬಿಚ್ಚಿಸಿಯೇ ಬಿಡುತ್ತಾರೆ. ವ್ಯಾಕ್ಯೂಮ್ ಸೀಲಿಂಗ್ ಜಾಗ ಉಳಿಸುತ್ತದೆ ನಿಜ, ಆದರೆ ಒಂದು ಕಿಲೋ ಹುಡಿ ಇಟ್ಟಿಗೆಯಂತೆ ಗಟ್ಟಿ ತುಂಡಾಗುತ್ತದೆ. ಸ್ಕ್ಯಾನರಿನ ಪರದೆಯಲ್ಲಿ ಸಾವಯವ ವಸ್ತು ಕಿತ್ತಳೆ ಬಣ್ಣದಲ್ಲಿ ಬರುವುದು. ಸಕ್ಕರೆ, ಹಿಟ್ಟು, ಪ್ರೊಟೀನ್ ಎಲ್ಲ ಅದೇ ಬಣ್ಣ, ಸ್ಫೋಟಕವೂ ಅದೇ ಬಣ್ಣ. ದಪ್ಪ, ಅಂಚು ಚೂಪಾದ ಕಿತ್ತಳೆ ತುಂಡು ಕಂಡರೆ ಬೆಲ್ಟು ನಿಲ್ಲುತ್ತದೆ. ಅದೇ ಒಂದು ಕಿಲೋವನ್ನು ಮೂರು ಸೆಂಟಿಮೀಟರಿಗಿಂತ ತೆಳ್ಳಗಿನ ಪ್ಯಾಕೆಟ್ಟುಗಳಾಗಿ ಒಂದರ ಪಕ್ಕ ಒಂದು ಮಲಗಿಸಿದರೆ ಬಣ್ಣವೂ ತೆಳು, ನೋಡುವವನ ಅನುಮಾನವೂ ತೆಳು. ಖಾಲಿ ಕ್ಯಾಪ್ಸೂಲಿಗೆ ಕ್ರಿಯಾಟಿನ್ ತುಂಬಿ ನೋಡಿದ್ದೂ ಉಂಟು. ದಿನಕ್ಕೆ ಐದು ಗ್ರಾಂ ಬೇಕಾದರೆ ಹತ್ತರ ಹತ್ತಿರ ಕ್ಯಾಪ್ಸೂಲು ನುಂಗಬೇಕು. ಲೇಬಲಿಲ್ಲದ ಕ್ಯಾಪ್ಸೂಲು ಬಿಳಿ ಹುಡಿಗಿಂತಲೂ ಹೆಚ್ಚು ಪ್ರಶ್ನೆ ತರುತ್ತದೆ. ಆ ದಾರಿ ಬಿಟ್ಟೆ.

ಈಗ ನಾನು ಒಯ್ಯುವುದು ಕಂಪೆನಿಯ ಸೀಲ್ ಇರುವ ಪೌಚು, ಇಲ್ಲವೇ ಒಂದೊಂದು ಸ್ಕೂಪಿನ (ಒಂದು ಸಲದ ಅಳತೆಯ) ಸ್ಯಾಶೆ. ದೊಡ್ಡ ಪ್ಲಾಸ್ಟಿಕ್ ಡಬ್ಬದ ತೂಕವೇ ಇನ್ನೂರು ಗ್ರಾಂ ಮೇಲೆ, ಒಳಗೆ ಕಾಲು ಭಾಗ ಖಾಲಿ. ಪೌಚಿನ ತೂಕ ಲೆಕ್ಕಕ್ಕೇ ಇಲ್ಲ. ಸ್ಯಾಶೆ ತುಸು ದುಬಾರಿ, ಸ್ಕೂಪಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಬೀಳಬಹುದು. ಆದರೆ ಪ್ರತಿಯೊಂದರ ಮೇಲೂ ಹೆಸರು, ಪದಾರ್ಥಗಳ ಪಟ್ಟಿ, ಆಹಾರ ಸುರಕ್ಷತೆ ನೋಡುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 14 ಅಂಕೆಯ ಪರವಾನಗಿ ನಂಬರು, ಹಸಿರು ಚುಕ್ಕೆ ಅಚ್ಚಾಗಿರುತ್ತದೆ. ಅನುಮಾನ ಬಂದರೆ ಒಂದನ್ನು ಒಡೆದು ನೋಡಲಿ, ಉಳಿದದ್ದು ಭದ್ರ. ದೊಡ್ಡ ಪೌಚು ಒಡೆದರೆ ಇಡೀ ಕಿಲೋ ತೆರೆದ ಹಾಗೆ. ಜೋಡಿಸುವ ಕ್ರಮದಲ್ಲಿ ನನ್ನದೊಂದು ಕೈಚಳಕ ಉಂಟು, ಅದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಅಂದಾಜು ಎಂದೇ ಓದಿಕೊಳ್ಳಿ. ಊರಿನಲ್ಲಿ ಸಾಧಾರಣ ವ್ಹೇ ಕಿಲೋಗೆ ಎರಡು ಸಾವಿರದ ಆಸುಪಾಸು. ದುಬೈಯಲ್ಲಿ ಐದು ಪೌಂಡಿನ ಡಬ್ಬ 280 ದಿರ್ಹಮ್ ಎಂದಿಟ್ಟುಕೊಂಡರೆ, ದಿರ್ಹಮಿಗೆ 23 ರೂಪಾಯಿಯಂತೆ ಕಿಲೋಗೆ 2,800 ದಾಟುತ್ತದೆ. ಕಿಲೋಗೆ ಎಂಟು ನೂರರ ಆಸುಪಾಸು ಉಳಿತಾಯ. ಆದರೆ ಕೌಂಟರಿನಲ್ಲಿ ತೂಕ ಮೀರಿದರೆ ಹೆಚ್ಚುವರಿ ಕಿಲೋಗೆ ಐನೂರೋ ಅದಕ್ಕೂ ಮೇಲೋ ಕಟ್ಟಬೇಕು, ಉಳಿದದ್ದೆಲ್ಲ ಅಲ್ಲಿಗೇ ಹೋಯಿತು. ಟಿಕೆಟಿನ ತೂಕದೊಳಗೆ ಜಾಗ ಇದ್ದರೆ ಮಾತ್ರ ವ್ಹೇ ಒಯ್ಯುವುದರಲ್ಲಿ ಅರ್ಥ ಉಂಟು. ಕ್ರಿಯಾಟಿನ್ ಹಾಗಲ್ಲ. ಕಾಲು ಕಿಲೋದ ಒಂದು ಪ್ಯಾಕೆಟ್ಟಿನಲ್ಲೇ ಸಾವಿರದ ಮೇಲೆ ಉಳಿಯುತ್ತದೆ, ಜಾಗವೂ ಸ್ವಲ್ಪವೇ ಸಾಕು. ಎರಡರಲ್ಲಿ ಒಂದೇ ಎಂದಾದರೆ ನಾನು ಕ್ರಿಯಾಟಿನ್ ಒಯ್ಯುತ್ತೇನೆ.

ಮನೆ ಹುಡಿಯದ್ದೇ ನಿಜವಾದ ತಲೆನೋವು. ರಾಗಿ, ಹೆಸರು, ಹುರಿಗಡಲೆ, ನೆಲಗಡಲೆ ಹುರಿದು ಮಿಲ್ಲಿನಲ್ಲಿ ಹುಡಿ ಮಾಡಿಸಿ ಕೈಬರಹದ ಚೀಟಿ ಅಂಟಿಸಿದರೆ ಅಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಕೊನೆಗೆ ಹಿಡಿದ ದಾರಿ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ) ಘಟಕ. ನಮ್ಮ ಜಿಲ್ಲೆಯಲ್ಲಿ ಧಾನ್ಯ ಹುರಿದು ಹುಡಿ ಮಾಡಿ ಮಾರುವ ಘಟಕಗಳು ಬೇಕಾದಷ್ಟುಂಟು. ಅಂಗನವಾಡಿಗೆ ಹೋಗುವ ಅಮೃತಂ ನ್ಯೂಟ್ರಿಮಿಕ್ಸಿನ ಮೂಲ ಪಾಕವೇ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯದ್ದು. ಅದು ಮಕ್ಕಳಿಗೆ ಹಂಚುವ ಹುಡಿ, ಅದನ್ನು ಮುಟ್ಟಬೇಡಿ. ಪರವಾನಗಿ ಇರುವ ಘಟಕಕ್ಕೆ ಹೋಗಿ ನಿಮ್ಮ ಅಳತೆ ಹೇಳಿ, ಅವರೇ ಹುರಿದು, ಹುಡಿ ಮಾಡಿ, ಸೀಲ್ ಮಾಡಿ, ಇಂಗ್ಲಿಷಿನಲ್ಲಿ ಪದಾರ್ಥ, ತಯಾರಿಸಿದ ದಿನಾಂಕ, ಅವರ ನಂಬರು ಎಲ್ಲ ಇರುವ ಲೇಬಲ್ ಹಾಕಿ ಬಿಲ್ಲು ಕೊಡಲಿ. ಎರಡು ಮೂರು ಕಿಲೋಗೆ ಕೆಲವರು ಒಪ್ಪುವುದಿಲ್ಲ, ಐದು ಕಿಲೋ ಹೇಳಿ ಉಳಿದದ್ದನ್ನು ಮನೆಗೆ ಇಟ್ಟುಕೊಳ್ಳಿ. ಎಲ್ಲ ಸೇರಿ ಕಿಲೋಗೆ ಇನ್ನೂರೈವತ್ತರ ಸುತ್ತ ಬೀಳುತ್ತದೆ. ನನ್ನ ಮಿಶ್ರಣದ ಅಳತೆ ಕೇಳಬೇಡಿ, ಅಷ್ಟು ಮಾತ್ರ ಹೇಳಲಾರೆ. ನೆಲಗಡಲೆ ಹೆಚ್ಚಾದರೆ ತಿಂಗಳೊಳಗೆ ಕಮಟು ವಾಸನೆ ಬರುತ್ತದೆ ಎಂಬುದು ಗೊತ್ತಿರಲಿ.

ಒಳಗೆ ಏನಿರಬಾರದು ಎಂಬುದರಲ್ಲಿ ಸಲಿಗೆ ಬೇಡವೇ ಬೇಡ. ಗಸಗಸೆಯನ್ನು ಯುಎಇ, ಸೌದಿ ಎರಡೂ ಕಡೆ ಮಾದಕ ವಸ್ತುವಿನ ಸಾಲಿನಲ್ಲೇ ನೋಡುತ್ತಾರೆ, ಜೈಲಿನ ಮಾತು ಸುಳ್ಳಲ್ಲ. ಮನೆಯಲ್ಲಿ ಮಾಡುವ ಬಾದಾಮಿ ಹಾಲಿನ ಹುಡಿ, ಬಾಣಂತಿ ಲೇಹದ ಹುಡಿ, ಕುರ್ಮಾ ಮಸಾಲೆ ಇವುಗಳಲ್ಲಿ ಗಸಗಸೆ ಇರುವುದುಂಟು. ಕೇಳದೆ ಪೆಟ್ಟಿಗೆಗೆ ಹಾಕಬಾರದು. ನಮ್ಮ ಅಡಿಕೆ ತೋಟಗಳ ಎಡೆಯಲ್ಲಿ ಬೆಳೆಯುವ ಜಾಯಿಕಾಯಿ ಸೌದಿಗೆ ಬೇಡ. ವೀಳ್ಯದೆಲೆ, ಪಾನಿನ ಸಾಮಾನು ಯುಎಇಗೆ ಬೇಡ, ಒಂದು ಎಲೆ ಸಿಕ್ಕಿದರೂ ಇಡೀ ಪೆಟ್ಟಿಗೆ ಬಿಚ್ಚಿಸುತ್ತಾರೆ. ಕೊಬ್ಬರಿ ಅಲ್ಲಿಯವರೆಗೂ ಹೋಗುವುದಿಲ್ಲ, ಇಲ್ಲಿಯೇ ನಿಲ್ಲಿಸುತ್ತಾರೆ. ಎಣ್ಣೆ ಅಂಶದಿಂದ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ ಅದು ಇದೆ. ಹುಡಿಯ ರುಚಿಗೆಂದು ಕೊಬ್ಬರಿ ಸೇರಿಸುವುದನ್ನು ಅದಕ್ಕೇ ಕೈಬಿಟ್ಟದ್ದು.

ಆಯುರ್ವೇದದ ಹುಡಿಗಳಲ್ಲಿ ಭಸ್ಮ ಸೇರಿದ್ದು ಯಾವುದನ್ನೂ ಒಯ್ಯಬೇಡಿ, ಸೀಸ ಪಾದರಸದ ಪ್ರಶ್ನೆ ಬಂದರೆ ಉತ್ತರ ಕೊಡಲಾಗದು. ಅಶ್ವಗಂಧ ಚೂರ್ಣದಂಥದ್ದು ಔಷಧವೋ ಆಹಾರವೋ ಎಂಬುದು ನೋಡುವ ಅಧಿಕಾರಿಯ ಮೇಲೆ ಹೋಗುತ್ತದೆ. ಮೂರು ತಿಂಗಳಿಗೆ ಮೀರದಷ್ಟು ಮಾತ್ರ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಚೀಟಿಯಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ. ಯೂರೋಪಿನ ಕಡೆ ಹೋಗುವವರು ದೇಶ ದೇಶ ಬೇರೆ ನೋಡಬೇಕು. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿದೆ.

ಕೈಚೀಲಕ್ಕೆ ಹುಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರ ಜೂನ್ ಕೊನೆಯಿಂದ 350 ಮಿ.ಲೀ. ಮೀರಿದ ಹುಡಿಯನ್ನು ಬೇರೆಯೇ ತೆಗೆದು ತೋರಿಸಬೇಕು, ಅನುಮಾನ ಬಗೆಹರಿಯದಿದ್ದರೆ ಒಳಗೆ ಬಿಡುವುದಿಲ್ಲ. ಇದು ಗ್ರಾಂ ಅಲ್ಲ, ಮಿ.ಲೀ. ವ್ಹೇ ಹಗುರ, 350 ಮಿ.ಲೀ. ಎಂದರೆ ನೂರೈವತ್ತು ಗ್ರಾಂ, ಐದು ಸ್ಕೂಪು. ರಾಗಿ ಹುಡಿ ಇನ್ನೂರರ ಹತ್ತಿರ. ದಾರಿಗೆ ಬೇಕೆಂದರೆ ಎರಡು ಮೂರು ಸ್ಯಾಶೆ ಸಾಕು. ಅಬುಧಾಬಿ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಆ ದೇಶದ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ, ಬಿಲ್ಲು ಚೀಟಿ ಅಲ್ಲಿಗೇ ಕೈಯಲ್ಲಿರಲಿ. ಆಸ್ಟ್ರೇಲಿಯಾಕ್ಕೆ ಓದಲು ಹೋಗುವ ಮಕ್ಕಳಿಗೆ ಹೇಳುವುದು ಒಂದೇ: ಹಾಲಿನದ್ದಿರಲಿ, ಧಾನ್ಯದ್ದಿರಲಿ, ಅಲ್ಲಿ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ಆಹಾರ ಇದೆಯೇ ಎಂಬಲ್ಲಿ ಹೌದು ಎಂದು ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಹುಡಿ ಹೋಗುತ್ತದೆ, ಹೇಳದೆ ಸಿಕ್ಕಿದರೆ ದಂಡ. ವ್ಹೇ ಬದಲು ಬಟಾಣಿ ಪ್ರೊಟೀನ್ ಒಯ್ದರೆ ಹಾಲಿನ ಪ್ರಶ್ನೆ ಬರುವುದಿಲ್ಲ, ಆದರೂ ಗುರುತು ಹಾಕಲೇಬೇಕು.

ಹುಡಿ ಎಲ್ಲ ಒಂದೇ ಪಾರದರ್ಶಕ ಚೀಲದಲ್ಲಿ, ಪೆಟ್ಟಿಗೆಯ ಮೇಲ್ಭಾಗದಲ್ಲಿ, ಬಿಲ್ಲು ಅದರ ಜೊತೆಗೇ. ಇನ್ನೊಂದು ಪ್ರತಿ ಕಿಸೆಯಲ್ಲಿ, ಫೋಟೋ ಫೋನಿನಲ್ಲಿ. ರಟ್ಟಿನ ಪೆಟ್ಟಿಗೆಯಾದರೆ ಟೇಪಿನ ಉರುಳೆ ಜೊತೆಗಿರಲಿ, ಬಿಚ್ಚಿದ ಮೇಲೆ ಅಂಟಿಸಿಕೊಡುವವರು ಯಾರೂ ಇಲ್ಲ. ಪ್ಯಾಕ್ ಮಾಡುವ ದಿನ ಕೈಗೆ ಗ್ಲಿಸರಿನ್ ಇರುವ ಕ್ರೀಮು ಹಚ್ಚಬೇಡಿ, ಬಟ್ಟೆ ತುಂಡಿನಿಂದ ಒರೆಸಿ ಸ್ಫೋಟಕದ ಅಂಶ ಉಂಟೇ ಎಂದು ಪರೀಕ್ಷಿಸುವ ಯಂತ್ರ ಸುಮ್ಮನೆ ಕೂಗುವುದಕ್ಕೆ ಅದೂ ಒಂದು ಕಾರಣ. ಪೆಟ್ಟಿಗೆ ಕೊಟ್ಟ ಮೇಲೆ ಕಾಲು ಗಂಟೆ ಕೌಂಟರಿನ ಹತ್ತಿರವೇ ನಿಂತಿರಿ, ಕರೆಯುವುದಾದರೆ ಹೆಚ್ಚಾಗಿ ಅಷ್ಟರೊಳಗೆ ಕರೆಯುತ್ತಾರೆ. ಅಲ್ಲಿ ಇಳಿದ ಮೇಲೆ ಕೇಳಿದರೆ ಎರಡೇ ಮಾತು: ಆಹಾರದ ಹುಡಿ, ನನ್ನ ಸ್ವಂತ ಬಳಕೆಗೆ. ಬಿಲ್ಲು ಮುಂದಿಡಿ. ದೇಹ ಬೆಳೆಸುವುದು, ಶಕ್ತಿ ಬರುವುದು ಎಂದೆಲ್ಲ ವಿವರಿಸಲು ಹೋದರೆ ಔಷಧದ ಪ್ರಶ್ನೆಗಳು ಶುರುವಾಗುತ್ತವೆ.

ಮಳೆಗಾಲದಲ್ಲಿ ಹೊರಡುವವರಿಗೆ ಇನ್ನೊಂದು ವಿಷಯ. ಜೂನ್ ಜುಲೈಯಲ್ಲಿ ನಮ್ಮ ಕಡೆಯ ಗಾಳಿಗೆ ತೆರೆದ ವ್ಹೇ ಒಂದು ವಾರದಲ್ಲಿ ಹೆಪ್ಪುಗಟ್ಟುತ್ತದೆ, ಗಂಟುಗಂಟಾದ ಹುಡಿ ಸ್ಕ್ಯಾನರಿನಲ್ಲೂ ಚೆನ್ನಾಗಿ ಕಾಣುವುದಿಲ್ಲ. ಒಡೆದ ಪೌಚು ಒಯ್ಯಲೇಬೇಡಿ. ಕುಟುಂಬಶ್ರೀಯ ಹುಡಿಯನ್ನು ಹುರಿದು ಪೂರ್ತಿ ತಣಿದ ಮೇಲೆಯೇ ಸೀಲ್ ಮಾಡಲು ಹೇಳಿ, ಬಿಸಿ ಇರುವಾಗ ಮುಚ್ಚಿದರೆ ಒಳಗೆ ಹನಿ ಕಟ್ಟಿ ಹತ್ತು ದಿನದಲ್ಲಿ ಬೂಸು ಬರುತ್ತದೆ. ಹೊರಡುವ ದಿನಕ್ಕೆ ನಾಲ್ಕೈದು ದಿನ ಮೊದಲು ಮಾಡಿಸಿದರೆ ಸಾಕು.