ಮಂಗ್ಳೂರ್ ಮಂಗ್ಳೂರ್: ಒಂದು ಕೂಗು, ಮೂರು ಆಲ್ಬಂ

ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿಬರುವವನು ನಾನು. ಒಂದು ಕಡೆಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ, ಕಿವಿಗೆ ಬೇರೆ ಕೆಲಸವಿಲ್ಲ. ಈ ಮಳೆಗಾಲ ಆ ಹೊತ್ತನ್ನೆಲ್ಲ ರ್‍ಯಾಪ್‌ಗೂ ಪ್ರಾಯೋಗಿಕ ಸಂಗೀತಕ್ಕೂ ಕೊಟ್ಟೆ.

ಶುರುವಾದದ್ದು ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಅವರ 'ಇಟ್ಸ್ ಗಾನಾ ರೇನ್'ನಿಂದ, 1965ರದ್ದು. ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರಿನಲ್ಲಿ ಒಬ್ಬ ಬೋಧಕ ಬೈಬಲಿನ ನೋಹನ ಪ್ರಳಯದ ಕಥೆ ಹೇಳುತ್ತಾ ಮಳೆ ಬರ್ತದೆ ಎಂದು ಕೂಗಿದ್ದನ್ನು ರೈಶ್ ರೆಕಾರ್ಡ್ ಮಾಡಿದ್ದರು. ಅದೇ ತುಣುಕನ್ನು ಎರಡು ಟೇಪ್ ರೆಕಾರ್ಡರಿನಲ್ಲಿ ಒಟ್ಟಿಗೆ ಸುತ್ತಲು ಬಿಟ್ಟಾಗ ಯಂತ್ರಗಳ ವೇಗದಲ್ಲಿದ್ದ ಕೂದಲೆಳೆಯಷ್ಟು ವ್ಯತ್ಯಾಸದಿಂದ ಒಂದು ದನಿ ಮೆಲ್ಲಗೆ ಹಿಂದೆ ಉಳಿಯಿತು. ಇಡೀ ಕೃತಿ ನಿಂತಿರುವುದು ಆ ಹಿಂದುಳಿಯುವಿಕೆಯ ಮೇಲೆ.

ಕೇಳಿದರೆ ಸಾಲಲಿಲ್ಲ, ಮಾಡಿ ನೋಡಬೇಕು ಅನ್ನಿಸಿತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ 'ಮಂಗ್ಳೂರ್ ಮಂಗ್ಳೂರ್' ಎಂದು ಕೂಗುವುದನ್ನು ಅವರಲ್ಲಿ ಕೇಳಿಕೊಂಡೇ ಮೊಬೈಲಿನಲ್ಲಿ ಹಿಡಿದೆ. ದನಿ ಕತ್ತರಿಸಿ ಜೋಡಿಸುವ ತಂತ್ರಾಂಶ ಆಡಾಸಿಟಿಯಲ್ಲಿ ಒಂದು ತುಣುಕನ್ನು 1.20 ಸೆಕೆಂಡಿಗೆ ಕತ್ತರಿಸಿದೆ. ಅದರದ್ದೇ ಪ್ರತಿಗೆ ಕೊನೆಯಲ್ಲಿ 10 ಮಿಲಿಸೆಕೆಂಡ್ ಮೌನ ಸೇರಿಸಿ, ಒಂದನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಹಾಕಿ ಓಡಿಸಿದೆ. ಮೊದಲ ಹತ್ತು ಸುತ್ತು ಬಾವಿಯೊಳಗಿಂದ ಕೂಗಿದ ಹಾಗೆ. ಆಮೇಲೆ ದನಿ ಎರಡಾಯಿತು. ಒಂದು ನಿಮಿಷ ದಾಟುವಾಗ 'ಮಂಗ್' ಎಲ್ಲೋ ಅಡಗಿ, 'ಊರ್ ಊರ್ ಊರ್' ಅಂತ ಮಾತ್ರ ಕೇಳತೊಡಗಿತು. 145 ಸೆಕೆಂಡಿಗೆ ಎರಡೂ ಮತ್ತೆ ಒಂದಾದಾಗ ಮೈ ಜುಂ ಎಂದಿತು. ಅಡಿಗೆಮನೆಯಿಂದ ಅಮ್ಮ, "ಎಂಥದು ಮಾರಾಯ ಅದು, ಮೊಬೈಲ್ ಹಾಳಾಯ್ತಾ?" ಎಂದು ಕೇಳಿದರು. ಹತ್ತಿರ ಕೂರಿಸಿ ಇಯರ್‌ಫೋನ್ ಕೊಟ್ಟೆ. ಪೂರ್ತಿ ಕೇಳಿದರು.

ಅಲ್ಲಿಂದ ಮುಂದೆ ರ್‍ಯಾಪ್ ಬೇರೆಯೇ ಆಗಿ ಕೇಳಿಸುತ್ತಿದೆ. ಮೊದಲೆಲ್ಲ ಪದಗಳ ಹಿಂದೆ ಓಡುತ್ತಿದ್ದೆ. ಈಗ ಮೊದಲ ಸಲ ಲೂಪ್, ಅಂದರೆ ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕು ಮಾತ್ರ ಕೇಳುತ್ತೇನೆ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡು. ಎರಡನೇ ಸಲ ದನಿ. ಸಾಹಿತ್ಯ ಓದುವುದು ಮೂರನೇ ದಿನ. 'ಮ್ಯಾಡ್‌ವಿಲನಿ' (2004) ಆಲ್ಬಂ ಉಡುಪಿಯಲ್ಲಿ ಹಾಕಿದರೆ ಮುಲ್ಕಿ ಹತ್ತಿರ ಮುಗಿಯುತ್ತದೆ. ಅದರ ಹಲವು ಬೀಟ್‌ಗಳನ್ನು, ಅಂದರೆ ಹಾಡಿನ ಹಿನ್ನೆಲೆ ಸಂಗೀತವನ್ನು, ನಿರ್ಮಾಪಕ ಮ್ಯಾಡ್‌ಲಿಬ್ ಬ್ರೆಜಿಲಿನ ಹೋಟೆಲ್ ಕೋಣೆಯಲ್ಲಿ, ಕೈಯಲ್ಲಿ ಹೊತ್ತೊಯ್ಯುವಷ್ಟು ಸಣ್ಣ ಸಾಮಾನಿನಲ್ಲೇ ಮಾಡಿದರು. ಅದರ ಮೇಲೆ ರ್‍ಯಾಪರ್ ಎಂಎಫ್ ಡೂಮ್ ಎಲ್ಲೂ ಅವಸರ ಮಾಡುವುದಿಲ್ಲ, ಪ್ರಾಸ ಸಾಲಿನ ನಡುವೆಯೇ ಬಂದು ಹೋಗುತ್ತದೆ. ಬೀಟ್ ನಿರ್ಮಾಪಕ ಜೆ ಡಿಲಾ ಅವರ 'ಡೋನಟ್ಸ್' (2006) ಸುತ್ತುವ ಆಲ್ಬಂ: 31 ತುಣುಕು, ಕೊನೆಯದು ಮೊದಲನೆಯದಕ್ಕೆ ಕೂಡಿಕೊಳ್ಳುತ್ತದೆ. ಅದು ಬಿಡುಗಡೆಯಾದ ಮೂರನೇ ದಿನ ಅವರು ತೀರಿಕೊಂಡರು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇಂಜುರಿ ರಿಸರ್ವ್ ಎಂಬ ರ್‍ಯಾಪ್ ತಂಡದ 'ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್' (2021). ಮೊದಲ ಸಲ ಎರಡನೇ ಹಾಡಿಗೇ ನಿಲ್ಲಿಸಿದ್ದೆ. ತಾಳ ಕೈಗೆ ಸಿಗುವುದಿಲ್ಲ, ದನಿ ಚೂರುಚೂರು. ಮೂವರ ತಂಡದ ಸ್ಟೆಪಾ ಜೆ. ಗ್ರಾಗ್ಸ್ 2020ರ ಜೂನಿನಲ್ಲಿ ತೀರಿಕೊಂಡ ಮೇಲೆ ಉಳಿದಿಬ್ಬರು ಇದನ್ನು ಮುಗಿಸಿದರೆಂದು ತಿಳಿದು ಮತ್ತೆ ಹಾಕಿದೆ. ಗ್ರಾಗ್ಸ್ ದನಿಯೂ ಅದರಲ್ಲಿದೆ. ಆ ದನಿ ಬಂದಾಗ ಬಸ್ಸು ಕಾಪು ದಾಟುತ್ತಿತ್ತು, ಕಿಟಕಿಯ ಟರ್ಪಾಲಿಗೆ ಮಳೆ ಬಡಿಯುತ್ತಿತ್ತು. ಆಲ್ಬಂ ಮುಗಿದ ಮೇಲೂ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಬರುವವರೆಗೆ ಬೇರೇನೂ ಹಾಕಲಿಲ್ಲ.