ಉಪ್ಪು ಬೆರೆಸಿಟ್ಟ ಆ ಅರ್ಧ ಗಂಟೆ

ಶನಿವಾರ ಸಂಜೆ ಸೌತೆಕಾಯಿ ಸಲಾಡ್ ಮಾಡಿ ಫ್ರಿಜ್‌ನಲ್ಲಿಡುತ್ತೇನೆ, ಭಾನುವಾರ ಆರಾಧನೆ ಮುಗಿಸಿ ಬಂದು ತಣ್ಣಗೆ ತಿನ್ನೋಕೆ. ನನ್ನ ಪ್ರಾರ್ಥನೆ ಬದಲಾಗಿದ್ದು ಈ ಕೆಲಸದ ನಡುವೆಯೇ.

ನನ್ನ ತೊಂದರೆ ಸಿಟ್ಟು. ಬೈಬಲ್ ಮುಚ್ಚಿಟ್ಟ ಹತ್ತೇ ನಿಮಿಷಕ್ಕೆ ಮಗನ ಮೇಲೆ ರೇಗುತ್ತಿದ್ದೆ. ನಾಳೆಯಿಂದ ರೇಗುವುದೇ ಇಲ್ಲ ಅಂತ ಹಟ ತೊಡುವುದು, ಎರಡು ದಿನ ನಡೆಸುವುದು, ಮತ್ತೆ ಅದೇ ಕತೆ.

ಅಡುಗೆಯಲ್ಲೂ ಅದೇ ಅವಸರ. ಹೆಚ್ಚಿದ ಕೂಡಲೇ ವಿನೆಗರ್ ಸುರಿದು ಫ್ರಿಜ್‌ಗೆ ತಳ್ಳುತ್ತಿದ್ದೆ. ಮರುದಿನ ಬಟ್ಟಲ ತುಂಬಾ ನೀರು, ರುಚಿಯೇ ಇಲ್ಲ. ಸೌತೆಕಾಯಿಯಲ್ಲಿ ಶೇಕಡಾ 95ರಷ್ಟು ನೀರೇ ಅಲ್ವಾ, ಅದನ್ನು ಮೊದಲೇ ಇಳಿಸಬೇಕು. ಈಗ ಅರ್ಧ ಕೆಜಿ ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಮಾಡಿ, ಒಂದು ಟೀ ಚಮಚ ಉಪ್ಪು ಬೆರೆಸಿ, ಜರಡಿಗೆ ಹಾಕಿ 30 ನಿಮಿಷ ಬಿಡುತ್ತೇನೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಿಲ್ಲೆಗಳ ಮೇಲೆ ಬೆವರಿನಂತೆ ಹನಿ ಮೂಡುತ್ತದೆ, ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ.

ಆ ಅರ್ಧ ಗಂಟೆ ಅಲ್ಲೇ ಕೂತು ಆ ವಾರದ್ದನ್ನು ದೇವರ ಮುಂದೆ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ‘ನನ್ನ ಪಾಪಗಳನ್ನು ಕ್ಷಮಿಸು’ ಅಂತ ಸುಮ್ನೆ ಒಟ್ಟಿಗೆ ಹೇಳಿಬಿಡುವುದು ಸುಲಭ. ‘ಮಗ ಹಾಲು ಚೆಲ್ಲಿದಾಗ ಅವನು ಅಳುವ ತನಕ ಬೈದೆ’ ಅಂತ ಬಾಯಿಬಿಟ್ಟು ಹೇಳಲು ಗಂಟಲು ಕಟ್ಟುತ್ತದೆ.

ಬೈಬಲ್‌ನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5:22ರಲ್ಲಿ ದೀರ್ಘಶಾಂತಿಯನ್ನು, ಅಂದರೆ ತಾಳ್ಮೆಯನ್ನು, ಪವಿತ್ರಾತ್ಮನ ಫಲ ಅಂತ ಕರೆದಿದೆ. ನಾನು ಅದನ್ನು ನನ್ನ ಸಾಧನೆ ಮಾಡಿಕೊಳ್ಳಲು ಹೊರಟಿದ್ದೆ. ಹಾಗಂತ ಕೈಕಟ್ಟಿ ಕೂರುವಂತೆಯೂ ಇಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ 2:12 ನಮ್ಮ ಪ್ರಯಾಸವನ್ನು ಕೇಳುತ್ತದೆ, 13ನೇ ವಚನ ನಮ್ಮೊಳಗೆ ಕೆಲಸ ಮಾಡುವವನು ದೇವರೇ ಅನ್ನುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ನನಗೆ ಜಾಸ್ತಿ ಕಾಲ ಬೇಕಾಯಿತು.

ನೀರು ಇಳಿದ ಮೇಲೆ ಬಿಲ್ಲೆಗಳನ್ನು ಮೆಲ್ಲಗೆ ಹಿಂಡಿ, ಮೂರು ಚಮಚ ವಿನೆಗರ್, ಒಂದು ಚಮಚ ಸಕ್ಕರೆ, ಸ್ವಲ್ಪ ಈರುಳ್ಳಿ ಸೇರಿಸುತ್ತೇನೆ. ಎರಡು ಗಂಟೆಯಾದರೂ ತಣ್ಣಗಾಗಬೇಕು. ತಣ್ಣಗಾದಾಗ ರುಚಿ ಮಂಕಾಗುತ್ತದೆ, ಹಾಗಾಗಿ ಬಡಿಸುವ ಮುಂಚೆ ಇನ್ನೊಮ್ಮೆ ರುಚಿ ನೋಡಿ.

ಮುಚ್ಚಳ ಹಾಕಿ ಮಗನ ಹತ್ತಿರ ಹೋಗುತ್ತೇನೆ. ಮೊದಲ ಸಲ ‘ತಪ್ಪಾಯಿತು ಮಗನೇ’ ಅಂದಾಗ ಅವನು ತಲೆಯನ್ನೇ ಎತ್ತಲಿಲ್ಲ. ಸಿಟ್ಟು ಈಗಲೂ ಬರುತ್ತದೆ, ಆದರೆ ಬರುತ್ತಿರುವುದು ಗೊತ್ತಾಗುತ್ತದೆ. ಈಗೀಗ ಶನಿವಾರ ಅವನೇ ಬಂದು ಜರಡಿಯ ಪಕ್ಕ ಕೂರುತ್ತಾನೆ, ಹನಿ ಬೀಳುವುದನ್ನು ಎಣಿಸುತ್ತಾ.